ಶ್ರಮ ಬಹುಕಾಲ ಬಾಳುವುದು ಹೇಗೆ: ಕೊಪ್ಪಳ ಸೀಮೆಯ ಕೆಲವು ಸಾಕ್ಷ್ಯಗಳು

ಮನುಷ್ಯನನ್ನು ಒಂದು ಕೆಲಸಕ್ಕೆ ತೊಡಗಿಸುವ, ತೊಡಗಿದ ಮೇಲೆ ಅದನ್ನು ನಡುವೆ ಬಿಡದಂತೆ ಹಿಡಿದಿಡುವ ಮನಸ್ಸಿನ ಬಲವನ್ನು ಪ್ರೇರಣೆ ಎಂದು ಕರೆಯುವುದು ವಾಡಿಕೆ. ಈ ಒಂದು ಹೆಸರಿನಡಿ ಎರಡು ಬೇರೆ ಬೇರೆ ಸಂಗತಿಗಳು ಕೂಡಿಕೊಂಡಿವೆ. ತೊಡಗುವುದಕ್ಕೆ ಒಂದು ಮಾತು, ಒಂದು ಅವಮಾನ, ಒಂದು ಆಸೆ ಅಥವಾ ಒಂದು ಹಬ್ಬದ ದಿನ ಸಾಕಾಗಬಹುದು; ಆದರೆ ತೊಡಗಿದ ಕೆಲಸವು ಮೂರನೆಯ ತಿಂಗಳಿಗೂ ಮೂರನೆಯ ವರ್ಷಕ್ಕೂ ಉಳಿದುಬರಬೇಕಾದರೆ ಅದಕ್ಕೆ ಬೇಕಾದ ಆಸರೆಗಳು ಬೇರೆಯಾಗಿರುತ್ತವೆ. ಇಂದು ಶಾಲಾ ಕಾಲೇಜುಗಳ ವೇದಿಕೆಗಳಲ್ಲಿ ನಡೆಯುವ ಸ್ಫೂರ್ತಿಯ ಭಾಷಣಗಳು ಬಹುಪಾಲು ಮೊದಲನೆಯದನ್ನೇ ಗುರಿಯಾಗಿಸಿಕೊಂಡಿವೆ, ಮತ್ತು ಕೇಳುಗನ ಉತ್ಸಾಹವು ವಾರದೊಳಗೆ ಇಳಿದುಹೋದಾಗ ಆ ಇಳಿತದ ಹೊಣೆಯನ್ನು ಅವನ ಮನೋಬಲದ ಕೊರತೆಯ ಮೇಲೆ ಹೊರಿಸುತ್ತವೆ. ಈ ಉಪನ್ಯಾಸವು ಎರಡನೆಯ ಸಂಗತಿಯನ್ನು, ಅಂದರೆ ಶ್ರಮದ ಬಾಳಿಕೆಯನ್ನು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬದುಕಿನಿಂದ ಆಯ್ದ ಕೆಲವು ಸಾಕ್ಷ್ಯಗಳ ಮೂಲಕ ಪರಿಶೀಲಿಸುತ್ತದೆ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರೊಳಗಿದ್ದವು ಈ ನಾಲ್ಕೇ ತಾಲ್ಲೂಕುಗಳು; ಕನಕಗಿರಿ, ಕಾರಟಗಿ, ಕುಕನೂರುಗಳು ಬಳಿಕ ಇವುಗಳಿಂದಲೇ ಹೊರಬಂದ ಕಾರಣ ಇಲ್ಲಿ ಹಳೆಯ ಎಲ್ಲೆಗಳನ್ನೇ ಇಟ್ಟುಕೊಳ್ಳಲಾಗಿದೆ.

ಈ ವಿಷಯದಲ್ಲಿ ಕೊಪ್ಪಳಕ್ಕೆ ಒಂದು ವಿಶೇಷವಾದ ಹಕ್ಕು ಇದೆ. ಮನುಷ್ಯಪ್ರಯತ್ನವನ್ನೇ ಮುಖ್ಯ ವಿಷಯವಾಗಿಸಿಕೊಂಡ ಭಾರತದ ಅತಿ ಹಳೆಯ ಶಿಲಾಬರಹಗಳಲ್ಲಿ ಎರಡು ಈ ಪಟ್ಟಣದ ಪಕ್ಕದ ಬೆಟ್ಟಗಳಲ್ಲಿಯೇ ಇವೆ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಕೊರೆಯಲಾಗಿರುವ, ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಕಿರುಶಿಲಾಶಾಸನಗಳು 1931ರಲ್ಲಿ ಎನ್. ಬಿ. ಶಾಸ್ತ್ರಿಯವರಿಂದ ಬೆಳಕಿಗೆ ಬಂದವು, ಮರುವರ್ಷ ಆರ್. ಎಲ್. ಟರ್ನರ್ ಅವುಗಳ ಪಾಠವನ್ನು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಅಚ್ಚು ಮಾಡಿಸಿದರು. ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಈ ಬರಹಗಳಲ್ಲಿ ಗವಿಮಠದ್ದು ಸಾಕಷ್ಟು ಸುರಕ್ಷಿತವಾಗಿ ಉಳಿದಿದ್ದರೆ, ಪಲ್ಲಕ್ಕಿಯ ಮೇಲ್ಕಟ್ಟಿನಂತೆ ನಿಂತ ಹಾಸುಬಂಡೆಯ ಕೆಳಗಿನ ಪಾಲ್ಕಿಗುಂಡಿನ ಬರಹ ಮಳೆಗಾಳಿಗೆ ಬಹಳ ಸವೆದಿದೆ. ಮಸ್ಕಿ, ನಿಟ್ಟೂರು, ಉಡೆಗೋಳಗಳಲ್ಲಿಯೂ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇದೇ ಕಿರುಶಾಸನದ ಪ್ರತಿಗಳು ದೊರೆತಿವೆ. ಬ್ರಹ್ಮಗಿರಿಯ ಪ್ರತಿಯಲ್ಲಿ ಬರುವ ಸುವರ್ಣಗಿರಿ ಎಂಬ ಪ್ರಾಂತೀಯ ರಾಜಧಾನಿಯನ್ನು ಗಂಗಾವತಿ ಸೀಮೆಯ ಕನಕಗಿರಿಯೊಂದಿಗೆ ಗುರುತಿಸಿದ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆ ಚರ್ಚೆ ಇಲ್ಲಿ ಅಗತ್ಯವಿಲ್ಲ.

ಶಾಸನದ ಒಕ್ಕಣೆ ಗಮನಾರ್ಹವಾದದ್ದು. ಉಪಾಸಕನಾಗಿ, ಅಂದರೆ ಬೌದ್ಧ ಧರ್ಮವನ್ನು ಗೃಹಸ್ಥನಾಗಿಯೇ ಅನುಸರಿಸುವವನಾಗಿ, ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದೂ, ಆದರೆ ಮೊದಲು ಹೇಳಿಕೊಳ್ಳುವಂಥ ಶ್ರಮವನ್ನು ತಾನು ಪಡಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ತೀವ್ರವಾಗಿ ಶ್ರಮಿಸುತ್ತಿರುವೆನೆಂದೂ ಅರಸನು ತಿಳಿಸುತ್ತಾನೆ. ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲವೆಂದೂ, ಶ್ರಮಿಸಿದರೆ ಸಣ್ಣವರಿಗೂ ಅದು ದೊರೆಯುವುದೆಂದೂ, ಈ ಪ್ರಯತ್ನವು ಬಹುಕಾಲ ನಿಲ್ಲಬೇಕೆಂದೂ, ಗಡಿಯಾಚೆಯವರಿಗೂ ಇದು ತಿಳಿಯಬೇಕೆಂದೂ ಮುಂದುವರಿದು ಹೇಳುತ್ತಾನೆ. ಗೆದ್ದ ಊರುಗಳನ್ನೂ ಕೊಟ್ಟ ದಾನಗಳನ್ನೂ ಎಣಿಸುವುದು ಅರಸರ ಶಾಸನಗಳ ಸಾಮಾನ್ಯ ಕ್ರಮವಾಗಿರುವಾಗ, ಇಲ್ಲಿ ಒಬ್ಬ ಚಕ್ರವರ್ತಿಯು ತನ್ನ ಜಡವಾದ ಕಾಲವನ್ನು ಬಂಡೆಯ ಮೇಲೆ ಬರೆಯಿಸಿ, ಅದನ್ನು ತನ್ನ ನೆಲದ ಉದ್ದಗಲಕ್ಕೂ ಸಾರಿಸಿದ್ದಾನೆ. ಜಡತೆಯಿಂದ ಹೊರಬಂದ ಬಗೆಗೆ ಅವನು ಕೊಡುವ ವಿವರಣೆಯೂ ಅಷ್ಟೇ ಮುಖ್ಯ: ಒಳಗಿನಿಂದ ಏನೋ ಉಕ್ಕಿ ಬಂದಿತೆಂದು ಅವನು ಹೇಳುವುದಿಲ್ಲ, ಸಂಘದ ಹತ್ತಿರ ಹೋದದ್ದನ್ನು ಹೇಳುತ್ತಾನೆ. ನಂಬಿಕೆ ಮೊದಲಿನಿಂದಲೂ ಇದ್ದಿತು. ಶ್ರಮವನ್ನು ತಂದದ್ದು ಸಂಗ.

ಇದೇ ಶಾಸನದ ಪಾಠಗಳಲ್ಲಿ ಈ ಕಾರ್ಯವು ಬೆಳೆಯುವುದು, ಹೆಚ್ಚಾಗಿ ಬೆಳೆಯುವುದು, ಕಡಮೆಯೆಂದರೆ ಒಂದೂವರೆ ಪಟ್ಟಾದರೂ ಬೆಳೆಯುವುದು ಎಂಬ ಆಶಯವು ಬರುತ್ತದೆ. ತಿಂಗಳೊಪ್ಪತ್ತಿನಲ್ಲಿ ಬದುಕನ್ನೇ ಬದಲಿಸಿಕೊಡುವ ಭರವಸೆಯ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗಾಡುತ್ತಿರುವ ಕಾಲದಲ್ಲಿ, ಒಂದು ಸಾಮ್ರಾಜ್ಯದ ಒಡೆಯನು ಒಂದೂವರೆ ಪಟ್ಟಿಗೆ ತೃಪ್ತನಾದದ್ದು ಗೌರವಕ್ಕೆ ಅರ್ಹವಾದ ಸಂಯಮವೆನ್ನಬೇಕು.

ಸಂಗದಿಂದ ಶ್ರಮವು ಉಳಿಯುತ್ತದೆ ಎಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಇನ್ನೂ ಆಪ್ತವಾದ ನಿದರ್ಶನವಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕುಷ್ಟಗಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಕಾಯಕವೆಂದರೆ ಹೊಟ್ಟೆಪಾಡಿಗೂ ಸಮಾಜದ ಪಾಲಿಗೂ ಒಟ್ಟಿಗೆ ಸಲ್ಲುವ, ಪೂಜೆಯಷ್ಟೇ ಪವಿತ್ರವೆಂದು ಎಣಿಸಲಾದ ದುಡಿಮೆ. ಮಾರಯ್ಯನು ಅನುಭಾವದ ಮಾತುಕತೆಯಲ್ಲಿ ಮೈಮರೆತು ಕುಳಿತಾಗ ಕಾಯಕದ ಹೊತ್ತು ಮೀರಿತೆಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ದಿನ, ಇದು ಅಗತ್ಯಕ್ಕೆ ಮೀರಿದ್ದೆಂದು ತಿರುಗಿ ಸುರಿದುಬರಲು ಹೇಳಿದವಳೂ ಅವಳೇ. ಈ ಎರಡು ಪ್ರಸಂಗಗಳನ್ನು ಬಿಡಿಬಿಡಿಯಾಗಿ ಹೇಳುವುದು ರೂಢಿಯಾದರೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅವುಗಳ ಬೆಲೆ ತಿಳಿಯುತ್ತದೆ. ಶ್ರಮವನ್ನು ಕೆಡಿಸುವ ದಾರಿಗಳು ಎರಡು: ಒಂದು ಸಡಿಲಿಕೆ, ಇನ್ನೊಂದು ಅತಿಯಾಸೆ. ಮೊದಲನೆಯದು ಇಂದಿನ ಕೆಲಸವನ್ನು ತಪ್ಪಿಸಿದರೆ ಎರಡನೆಯದು ಒಂದೇ ದಿನ ನಾಲ್ಕು ದಿನದ್ದನ್ನು ಹೊರಲು ಹೋಗಿ ನಾಳೆಯ ಕೆಲಸವನ್ನು ತಪ್ಪಿಸುತ್ತದೆ. ಲಕ್ಕಮ್ಮ ಕಾಯ್ದದ್ದು ಅಳತೆಯನ್ನು, ಮತ್ತು ಆ ಕಾವಲನ್ನು ಮಾರಯ್ಯನು ಒಬ್ಬನೇ ಮಾಡಿಕೊಳ್ಳಲಾರದವನಾಗಿದ್ದನು.

ಆಧುನಿಕ ಮನಶ್ಶಾಸ್ತ್ರವು ಪ್ರೇರಣೆಯನ್ನು ಒಳಪ್ರೇರಣೆ, ಹೊರಪ್ರೇರಣೆ ಎಂದು ವಿಂಗಡಿಸುತ್ತದೆ. ಕೆಲಸದಲ್ಲಿಯೇ ಇರುವ ಸಂತೋಷಕ್ಕಾಗಿ ಮಾಡುವುದು ಒಳಪ್ರೇರಣೆ. ಕೂಲಿ, ಬಹುಮಾನ, ಹೊಗಳಿಕೆ, ಭಯಗಳಿಗಾಗಿ ಮಾಡುವುದು ಹೊರಪ್ರೇರಣೆ. ಅಮೆರಿಕದ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುಂಡುಗಳನ್ನು ಜೋಡಿಸುವ ಒಗಟನ್ನು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಆ ಒಗಟಿನ ಬಗೆಗೆ ತಮಗಿದ್ದ ಆಸಕ್ತಿಯನ್ನೇ ಕಳೆದುಕೊಳ್ಳುವತ್ತ ವಾಲಿದರು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಿಗೆ ಮೊದಲೇ ಮಾತುಕೊಟ್ಟು ಬಹುಮಾನ ನೀಡಿದಾಗಲೂ ಇದೇ ಕಂಡುಬಂದಿತು; ಹೇಳದೆ ಕೊಟ್ಟ ಬಹುಮಾನ ಮಾತ್ರ ಅಂಥ ಹಾನಿ ಮಾಡಲಿಲ್ಲ. ಬಳಿಕ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸ್ವನಿರ್ಧಾರ ಸಿದ್ಧಾಂತವು, ಆಯ್ಕೆಯ ಸ್ವಾತಂತ್ರ್ಯ, ಕೈಗೂಡುತ್ತಿದೆಯೆಂಬ ಅನುಭವ, ಇತರರೊಡನೆ ಬಾಂಧವ್ಯ ಎಂಬ ಮೂರು ಅಗತ್ಯಗಳು ಪೂರೈಸಿದಾಗ ಪ್ರೇರಣೆಯು ಬಾಳುತ್ತದೆಂದು ಪ್ರತಿಪಾದಿಸಿತು. ಇವುಗಳಲ್ಲಿ ಮೊದಲನೆಯದಕ್ಕೆ ಪಾಶ್ಚಾತ್ಯ ಬರಹಗಳು ಕೊಡುವ ಪ್ರಾಶಸ್ತ್ಯವು ಈ ಸೀಮೆಯ ಅನುಭವಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ಎಷ್ಟೋ ಜನರ ಕಸುಬನ್ನು ಹುಟ್ಟು, ನೆಲ, ನೀರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಆದರೂ ಅವರಲ್ಲಿ ಶ್ರಮ ಬತ್ತದೆ ಉಳಿದಿರುವುದಕ್ಕೆ ಉಳಿದ ಎರಡು ಅಗತ್ಯಗಳಿಂದ ಹೆಚ್ಚಿನ ವಿವರಣೆ ದೊರೆಯುತ್ತದೆ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಪರಿಸರವನ್ನು ರಾಮಾಯಣದ ಕಿಷ್ಕಿಂಧೆಯೆಂದು ಭಾವಿಸಲಾಗಿದೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುವ ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಹನುಮಂತನಿಗೆ ಅವನ ಶಕ್ತಿಯನ್ನು ಜಾಂಬವಂತನು ನೆನಪಿಸಿದ ಪ್ರಸಂಗವಂತೂ ಸ್ಫೂರ್ತಿಯ ಭಾಷಣಕಾರರ ಕೈಯಲ್ಲಿ ನಾಣ್ಯದಂತೆ ಸವೆದಿದೆ. ಕಿಷ್ಕಿಂಧಾಕಾಂಡವನ್ನು ಪೂರ್ತಿಯಾಗಿ ಓದಿದವರಿಗೆ ಆ ಪ್ರಸಂಗಕ್ಕೆ ಮುಂಚಿನ ಎರಡು ಘಟ್ಟಗಳು ಹೆಚ್ಚು ಬೋಧಪ್ರದವಾಗಿ ಕಾಣುತ್ತವೆ. ಮಳೆಗಾಲದ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಸುಗ್ರೀವನಿಗೆ ತಾನು ಕೊಟ್ಟ ಮಾತೇ ಮಸುಕಾಗಿರುತ್ತದೆ. ಅವನು ಕೆಟ್ಟವನಲ್ಲ, ಕೃತಘ್ನನೂ ಅಲ್ಲ. ಬಹುಕಾಲದ ಕಷ್ಟದ ಬಳಿಕ ದೊರೆತ ಸುಖದಲ್ಲಿ ದಿನಗಳು ಸರಿದುಹೋಗಿವೆ, ಅಷ್ಟೆ. ಅವನನ್ನು ಎಚ್ಚರಿಸಲು ಹನುಮಂತನ ಸೌಮ್ಯವಾದ ಮಾತೂ ಲಕ್ಷ್ಮಣನ ಕೋಪವೂ ಎರಡೂ ಬೇಕಾಗುತ್ತವೆ. ಎರಡನೆಯ ಘಟ್ಟದಲ್ಲಿ, ಅಂಗದನ ಮುಂದಾಳುತನದಲ್ಲಿ ದಕ್ಷಿಣಕ್ಕೆ ಹೊರಟ ಕಪಿಗಳ ತಂಡಕ್ಕೆ ಕೊಟ್ಟಿದ್ದ ಒಂದು ತಿಂಗಳ ಗಡುವು ಮುಗಿದಿರುತ್ತದೆ. ಸೀತೆಯ ಸುಳಿವಿಲ್ಲ, ಬರಿಗೈಯಲ್ಲಿ ಮರಳಿದರೆ ದಂಡನೆ ಖಚಿತ. ಅವರು ಪ್ರಾಯೋಪವೇಶಕ್ಕೆ, ಅಂದರೆ ಅನ್ನನೀರು ಬಿಟ್ಟು ಸಾಯುವ ನಿರ್ಧಾರಕ್ಕೆ, ಕುಳಿತುಬಿಡುತ್ತಾರೆ. ಆ ಹತಾಶೆಯನ್ನು ಮುರಿದದ್ದು ಯಾರ ಹುರಿದುಂಬಿಸುವ ಮಾತೂ ಅಲ್ಲ. ಮುದಿ ಹದ್ದು ಸಂಪಾತಿಯು, ನೂರು ಯೋಜನದಾಚೆ ಲಂಕೆಯಿದೆ, ಸೀತೆ ಅಲ್ಲಿದ್ದಾಳೆ ಎಂಬ ಸುದ್ದಿಯನ್ನು ಕೊಟ್ಟಿತು. ದಾರಿ ತಿಳಿದೊಡನೆ ಸಾಯಲು ಕುಳಿತವರು ಎದ್ದು ಕಡಲ ತೀರಕ್ಕೆ ನಡೆದರು. ಜಾಂಬವಂತನ ಹೊಗಳಿಕೆಗೆ ಕೆಲಸವಿದ್ದದ್ದು ಅದರ ನಂತರ. ಸಂಪಾತಿಯ ಸುದ್ದಿ ಇಲ್ಲದೆ ಆ ಹೊಗಳಿಕೆ ಬಂದಿದ್ದರೆ ಹನುಮಂತನು ಯಾವ ದಿಕ್ಕಿಗೆ ಹಾರಬೇಕಾಗಿತ್ತು ಎಂಬ ಪ್ರಶ್ನೆಯನ್ನು ಭಾಷಣಕಾರರು ಕೇಳಿಕೊಂಡಂತೆ ತೋರುವುದಿಲ್ಲ. ಸೋಮಾರಿತನವೆಂದು ಹೊರಗಿನವರು ಕರೆಯುವ ಸ್ಥಿತಿ ಬಹಳ ಸಲ ಮುಂದಿನ ಹೆಜ್ಜೆ ಯಾವುದೆಂದು ತಿಳಿಯದ ಸ್ಥಿತಿಯಾಗಿರುತ್ತದೆ.

ಮುಂದಿನ ಹೆಜ್ಜೆಯನ್ನು ಮೊದಲೇ ನಿಶ್ಚಯಿಸಿಟ್ಟುಕೊಳ್ಳುವ ವ್ಯವಸ್ಥೆಯನ್ನು ಈ ಸೀಮೆಯ ಒಣಬೇಸಾಯವು ಬಹಳ ಹಿಂದೆಯೇ ಕಂಡುಕೊಂಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ, ಕಾರಟಗಿಗಳನ್ನು ಬಿಟ್ಟರೆ, ಕುಷ್ಟಗಿಯ ಮಸಾರಿ ಹೊಲಗಳೂ ಯಲಬುರ್ಗಾದ ಎರೆ ಹೊಲಗಳೂ ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿವೆ. ಮುಂಗಾರಿಗೆ ಸಜ್ಜೆ, ಹೆಸರು, ತೊಗರಿ, ಮೆಕ್ಕೆಜೋಳ. ಹಿಂಗಾರಿಗೆ ಬಿಳಿಜೋಳ, ಕಡಲೆ. ಫಲದ ಖಾತ್ರಿಯಿದ್ದರೆ ಮಾತ್ರ ಪ್ರೇರಣೆ ಇರುತ್ತದೆಂಬುದು ನಿಜವಾಗಿದ್ದರೆ, ಮೇಲಿಂದ ಮೇಲೆ ಬರ ಕಂಡ ಈ ನೆಲದಲ್ಲಿ ಯಾರೂ ಕೂರಿಗೆ ಹೂಡುತ್ತಿರಲಿಲ್ಲ. ಹೂಡುತ್ತಾರೆ, ಏಕೆಂದರೆ ಬಿತ್ತಬೇಕೋ ಬೇಡವೋ ಎಂಬ ಚರ್ಚೆಯನ್ನು ಪ್ರತಿ ವರ್ಷ ಪ್ರತಿಯೊಬ್ಬ ರೈತನೂ ತನ್ನ ಮನಸ್ಸಿನೊಂದಿಗೆ ಹೊಸದಾಗಿ ನಡೆಸಬೇಕಾಗಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಸಾಲಾಗಿ ಬರುವ ಮಳೆಯ ನಕ್ಷತ್ರಗಳು ಯಾವ ಹದಕ್ಕೆ ಯಾವ ಬೀಜವೆಂಬುದನ್ನು ಮೊದಲೇ ತೀರ್ಮಾನಿಸಿವೆ. ಮಳೆ ಬಿದ್ದು ಹದ ಬಂದೊಡನೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಎತ್ತಿಲ್ಲದವನಿಗೆ ಎತ್ತು, ಆಳಿಲ್ಲದವನಿಗೆ ಮುಯ್ಯಾಳು, ಅಂದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ಅದನ್ನು ದುಡಿಮೆಯಿಂದಲೇ ತೀರಿಸಿಕೊಳ್ಳುವ ಪದ್ಧತಿ, ಈ ನಿಶ್ಚಯವನ್ನು ಕಾರ್ಯವಾಗಿಸುತ್ತಿದ್ದವು.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ಮಂಡಿಸಿದ ವಿಚಾರವು ಇದಕ್ಕೆ ಹತ್ತಿರವಾದದ್ದು. ಹಬ್ಬದ ರಜೆಯಲ್ಲಿ ಒಂದು ವರದಿ ಬರೆಯಬೇಕಾಗಿದ್ದ ವಿದ್ಯಾರ್ಥಿಗಳಲ್ಲಿ, ಯಾವಾಗ, ಎಲ್ಲಿ ಕುಳಿತು ಬರೆಯುವೆನೆಂದು ಮೊದಲೇ ಬರೆದುಕೊಟ್ಟವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕೆಲಸ ಮುಗಿಸಿದರೆ, ಬರೆಯುವೆನೆಂಬ ಸಂಕಲ್ಪವನ್ನು ಮಾತ್ರ ಹೊತ್ತವರಲ್ಲಿ ಮುಗಿಸಿದವರು ಮೂರರಲ್ಲಿ ಒಂದು ಪಾಲಿನಷ್ಟು. ಸಂಕಲ್ಪಕ್ಕೂ ಕಾರ್ಯಕ್ಕೂ ನಡುವೆ ಹೊತ್ತು, ಸ್ಥಳಗಳ ಗಂಟು ಬೀಳಬೇಕೆಂಬುದೇ ಇದರ ಸಾರ. ಅಭ್ಯಾಸದ ಬಗೆಗೂ ಒಂದು ತಪ್ಪು ತಿಳಿವಳಿಕೆ ಹರಡಿದೆ. ಯಾವ ಅಭ್ಯಾಸವಾದರೂ 21 ದಿನಗಳಲ್ಲಿ ಬೇರೂರುತ್ತದೆಂಬ ಮಾತಿಗೆ ಮೂಲ, ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಶಸ್ತ್ರವೈದ್ಯರು ತಮ್ಮ ರೋಗಿಗಳನ್ನು ಗಮನಿಸಿ 1960ರ ಪುಸ್ತಕವೊಂದರಲ್ಲಿ ಬರೆದ ಒಂದು ಸಾಮಾನ್ಯ ಹೇಳಿಕೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಅಭ್ಯಾಸವು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನಗಳು ಬೇಕು. ವ್ಯಕ್ತಿಯನ್ನೂ ಕೆಲಸವನ್ನೂ ಅನುಸರಿಸಿ ಅದು 18ರಿಂದ 254 ದಿನಗಳವರೆಗೂ ವ್ಯತ್ಯಾಸವಾಗುತ್ತದೆ. ನಡುವೆ ಒಂದು ದಿನ ತಪ್ಪಿದರೆ ಎಲ್ಲವೂ ಕೆಡುವುದಿಲ್ಲವೆಂದೂ ಅದೇ ಅಧ್ಯಯನ ತೋರಿಸಿತು. ಈ ಕೊನೆಯ ಸಂಗತಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಒಂದು ದಿನ ತಪ್ಪಿದ ನಾಚಿಕೆಯಿಂದಲೇ ಪೂರ್ತಿ ಕೈಬಿಟ್ಟವರ ಸಂಖ್ಯೆ ಎಲ್ಲ ಊರುಗಳಲ್ಲಿಯೂ ದೊಡ್ಡದಿರುತ್ತದೆ.

ಬೇಸರದ ಕೆಲಸಕ್ಕೆ ಹಿಂದಿನವರು ಹಾಡನ್ನು ಕಟ್ಟಿದ್ದರು. ಕಣದಲ್ಲಿ ಎತ್ತುಗಳನ್ನು ಸುತ್ತುಹೊಡೆಯಿಸಿ ರಾಶಿ ಮಾಡುವ ಇರುಳುಗಳಿಗೆ ಹಂತಿಪದಗಳು, ಬೆಳಗಿನ ಜಾವದ ಬೀಸುಕಲ್ಲಿಗೆ ಬೀಸುವ ಪದಗಳು ಇದ್ದವು. ಗಿರಣಿಯೂ ರಾಶಿಯಂತ್ರವೂ ಬಂದು ಆ ದಣಿವು ತಪ್ಪಿದ್ದು ಒಳ್ಳೆಯದೇ ಆಯಿತು, ಅದಕ್ಕಾಗಿ ಮರುಗಬೇಕಾದ್ದಿಲ್ಲ. ಆದರೆ ಒಂದೇ ಬಗೆಯ ಕೆಲಸವನ್ನು ಬೇಸರವಿಲ್ಲದೆ ಮಾಡುವ ಕಲೆಯೂ ಅವುಗಳೊಂದಿಗೆ ಹೋಯಿತೇ ಎಂಬುದು ಯೋಚಿಸತಕ್ಕ ಮಾತು.

ಇಂದು ಈ ಜಿಲ್ಲೆಯಲ್ಲಿ ಒಂದೇ ಬಗೆಯ ಕೆಲಸವನ್ನು ವರ್ಷಗಟ್ಟಲೆ ಒಂಟಿಯಾಗಿ ಮಾಡುತ್ತಿರುವವರೆಂದರೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಕ ಯುವತಿಯರು. 2012ರ ಕೊನೆಗೆ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯು ಅಂದಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳ ಸ್ಥಳೀಯರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಪಾಲನ್ನು ಕೊಟ್ಟ ಮೇಲೆ, ಮನೆಯಲ್ಲಿ ಮೊದಲ ಪದವೀಧರರಾದವರಿಗೂ ಸರಕಾರಿ ನೌಕರಿಯು ಕೈಗೆಟಕುವ ಮಾತಾಗಿ ಕಂಡಿತು. ಕೊಪ್ಪಳ, ಗಂಗಾವತಿಗಳಲ್ಲಿ, ಇನ್ನೂ ಅನುಕೂಲವಿದ್ದವರು ಧಾರವಾಡ, ವಿಜಯಪುರಗಳಲ್ಲಿ ರೂಮು ಮಾಡಿಕೊಂಡು ಪೊಲೀಸ್, ಶಿಕ್ಷಕ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ಓದುತ್ತಾರೆ. ಈ ಓದಿನಲ್ಲಿ ಪ್ರೇರಣೆಯು ಸವೆಯುವ ಬಗೆಯನ್ನು ಬಿಡಿಸಿ ನೋಡುವುದು ಉಪಯುಕ್ತ. ಅಧಿಸೂಚನೆ ಯಾವಾಗ ಹೊರಡುವುದೋ ತಿಳಿಯದು. ಹೊರಟ ಮೇಲೆ ಪರೀಕ್ಷೆ ಮುಂದೆ ಹೋಗಬಹುದು. ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ನ್ಯಾಯಾಲಯದಲ್ಲಿ ಸಿಲುಕಬಹುದು. ಬೇಸಾಯದ ಅನಿಶ್ಚಯಕ್ಕೆ ನಕ್ಷತ್ರಗಳ ಪಟ್ಟಿಯಾದರೂ ಇದೆ, ಇದಕ್ಕೆ ಅದೂ ಇಲ್ಲ. ಗುರಿಯು ಆಯ್ಕೆ ಅಥವಾ ವೈಫಲ್ಯ ಎಂಬ ಎರಡೇ ತುದಿಗಳದ್ದಾದ್ದರಿಂದ, ಒಂದು ಅಂಕದಲ್ಲಿ ತಪ್ಪಿದವನ ಮೂರು ವರ್ಷದ ಕಲಿಕೆಯು ಊರ ಕಣ್ಣಿಗೆ ಶೂನ್ಯವಾಗಿ ಕಾಣುತ್ತದೆ. ಕೈಗೂಡುತ್ತಿದೆಯೆಂಬ ಅನುಭವಕ್ಕೆ ಎಡೆಯೇ ಸಿಗುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಏನಾಯಿತೆಂದು ಕೇಳುತ್ತಾರೆಂಬ ಅಳುಕಿನಿಂದ ಊರನ್ನೇ ತಪ್ಪಿಸುವಾಗ ಬಾಂಧವ್ಯವೂ ಕಳಚುತ್ತದೆ. ಇಂಥವರಿಗೆ ಮನಸ್ಸಿದ್ದರೆ ಮಾರ್ಗವೆಂದು ಉಪದೇಶಿಸುವುದು ಸಂಪಾತಿಯಿಲ್ಲದ ತೀರದಲ್ಲಿ ಜಾಂಬವಂತನಾಗಲು ಹೊರಟಂತೆ. ಅವರಿಗೆ ಬೇಕಾದದ್ದು ಗೊತ್ತುಪಡಿಸಿದ ವಾರ್ಷಿಕ ವೇಳಾಪಟ್ಟಿ, ಓದಿನ ಜೊತೆಗಾರರು, ಓದಿದ್ದನ್ನು ಇನ್ನೊಬ್ಬರಿಗೆ ಕಲಿಸಲು ಒದಗುವ ಅವಕಾಶ, ಮತ್ತು ಎಷ್ಟು ವರ್ಷದ ಬಳಿಕ ಬೇರೆ ದಾರಿ ಹಿಡಿಯಬೇಕೆಂಬುದನ್ನು ನಾಚಿಕೆಯಿಲ್ಲದೆ ಚರ್ಚಿಸಬಲ್ಲ ಹಿರಿಯರು. ಬಿಡಬೇಕಾದುದನ್ನು ಸಕಾಲದಲ್ಲಿ ಬಿಡುವುದೂ ಪ್ರೇರಣೆಯ ವಿಷಯಕ್ಕೆ ಸೇರಿದ್ದೆಂಬುದನ್ನು ಈ ವಿಷಯದ ಬರಹಗಳು ಸಾಮಾನ್ಯವಾಗಿ ಮರೆಮಾಚುತ್ತವೆ.

ನೌಕರಿ ಸಿಕ್ಕ ಮೇಲೆ ಶ್ರಮ ಮುಗಿಯುತ್ತದೆಂಬ ಭಾವನೆಗೆ ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರ (1918–1994) ಬದುಕು ಎದುರುತ್ತರವಾಗಿದೆ. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ಸಂಸ್ಥಾನದಲ್ಲಿ ಓದಿ, ಐಎಎಸ್ ಅಧಿಕಾರಿಯಾಗಿ ದುಡಿದ ಅವರು, ಕಡತಗಳ ನಡುವೆಯೇ ಕಾವ್ಯಾನಂದ ಎಂಬ ಹೆಸರಿನಲ್ಲಿ ಕವಿತೆ, ವಚನಗಳನ್ನು ಬರೆದುಕೊಂಡು ಬಂದರು. ಅವರ ಬರಹವು ಸಂಬಳಕ್ಕೂ ಬಡ್ತಿಗೂ ಸಂಬಂಧಿಸಿರಲಿಲ್ಲವೆಂಬುದೇ ಅದು ಉಳಿದುಬಂದುದಕ್ಕೆ ಒಂದು ಕಾರಣವಿರಬಹುದು.

ಪ್ರೇರಣೆಯ ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಈ ಸೀಮೆಯೇ ಕಲಿಸುತ್ತದೆ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾಗಳಿಂದ ಗೋವಾ, ಮಂಗಳೂರು, ಬೆಂಗಳೂರುಗಳ ಕಡೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಮನೋಬಲದ ಕೊರತೆಯನ್ನು ಹುಡುಕುವುದು ಅನ್ಯಾಯ. ಅಪರಿಚಿತ ನಗರದ ಕಟ್ಟಡದ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋಗುವವರಲ್ಲಿ ಅದು ಅತಿಯಾಗಿಯೇ ಇದೆ. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವೋ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ರೈತರು ಕಟಾವಿನ ಹಣ ಕೈಸೇರಿದ ಬಳಿಕ ಬುದ್ಧಿಯ ಪರೀಕ್ಷೆಗಳಲ್ಲಿ ತೋರಿದ ಚುರುಕನ್ನು ಕಟಾವಿಗೆ ಮುಂಚಿನ ಮುಗ್ಗಟ್ಟಿನಲ್ಲಿ ತೋರಲಾರದೆ ಹೋದರು. ಸಾಲದ ಲೆಕ್ಕವೇ ಮನಸ್ಸನ್ನು ತುಂಬಿಕೊಂಡಾಗ ಯೋಜನೆಗೂ ಸಂಯಮಕ್ಕೂ ಉಳಿಯುವ ಜಾಗ ಕಡಮೆ. ಹೊಟ್ಟೆ, ನಿದ್ದೆ, ಸಾಲಗಳ ಪ್ರಶ್ನೆಯನ್ನು ಬದಿಗಿಟ್ಟು ಪ್ರೇರಣೆಯನ್ನು ಬೋಧಿಸುವವರು ಈ ಅಧ್ಯಯನವನ್ನು ಓದುವುದು ಒಳ್ಳೆಯದು.

ಕಡಮೆ ಆದಾಯದಲ್ಲಿಯೂ ತಲೆಮಾರುಗಳವರೆಗೆ ಉಳಿದ ಶ್ರಮಕ್ಕೆ ಕೊಪ್ಪಳಕ್ಕೆ ಸಮೀಪದ ಕಿನ್ನಾಳವು ನಿದರ್ಶನ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಜೋಡಿಸಿ, ಹುಣಿಸೆಬೀಜದ ಅಂಟು ಮತ್ತು ಮರದ ಹೊಟ್ಟಿನ ಕಿಟ್ಟವನ್ನು ಬಳಿದು, ಬಣ್ಣ ಕೊಟ್ಟು ದೇವತಾಮೂರ್ತಿಗಳನ್ನೂ ಆಟಿಕೆಗಳನ್ನೂ ಮಾಡುತ್ತವೆ. ಕೆಲಸವು ಮನೆಯಲ್ಲಿಯೇ, ಹೆಂಗಸರು ಮಕ್ಕಳ ನಡುವೆ ಹಂಚಿಕೊಂಡು ನಡೆಯುವುದರಿಂದ ಒಬ್ಬರ ಬೇಸರವನ್ನು ಇನ್ನೊಬ್ಬರ ಕೈ ತುಂಬಿಕೊಡುತ್ತದೆ. ಪ್ರತಿಯೊಂದು ಹಂತವೂ ಕಣ್ಣಿಗೆ ಕಾಣುವಂತೆ ಮುಗಿಯುವುದರಿಂದ ದಿನದ ಕೊನೆಗೆ ಇಷ್ಟಾಯಿತೆಂದು ಹೇಳಲು ಬರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಈ ಕಲೆಗೆ ಹೆಸರನ್ನು ತಂದಿದೆ, ಆದರೆ ಕಲೆಯನ್ನು ಅಷ್ಟು ಕಾಲ ಉಳಿಸಿದ್ದು ಮಾನ್ಯತೆಯಲ್ಲ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ವಿಷಯದಲ್ಲಿಯೂ ಹೀಗೆಯೇ. ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಆಡಿಸುತ್ತ ಬಂದ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಯಸ್ಸು 96. ಹಿಂದಿನ ಏಳು ದಶಕಗಳ ಆಟಕ್ಕೆ ಆ ಪ್ರಶಸ್ತಿಯು ಪ್ರೇರಣೆಯಾಗಿರಲು ಸಾಧ್ಯವಿರಲಿಲ್ಲ. ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರು ಊರಿನ ಶಾಲೆಗೆ ತಮ್ಮ ಹೊಲವನ್ನು ದಾನವಾಗಿ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರಾಗಿ ದುಡಿದರು. 2023ರ ರಾಜ್ಯೋತ್ಸವ ಪ್ರಶಸ್ತಿಯು ಬಂದದ್ದು ಬಹಳ ತಡವಾಗಿ. ದಾನವನ್ನು ಎಲ್ಲರೂ ಕೊಂಡಾಡುತ್ತಾರೆ. ಈ ಉಪನ್ಯಾಸದ ದೃಷ್ಟಿಯಿಂದ ದಾನಕ್ಕಿಂತ ದೊಡ್ಡದು, ಕೊಟ್ಟ ಮೇಲೆ ದಿನವೂ ಬೆಳಗ್ಗೆ ಒಲೆ ಹೊತ್ತಿಸಲು ಹೋದದ್ದು.

ಊರೊಟ್ಟಿನ ಶ್ರಮಕ್ಕೆ ಗವಿಮಠವು ರೂಪಿಸಿರುವ ಕ್ರಮವನ್ನೂ ಇಲ್ಲಿ ಹೇಳಬೇಕು. ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ಮನೆಮನೆಗಳಲ್ಲಿ ಜೋಳದ ರೊಟ್ಟಿ ಬಡಿದು ಬಂಡಿ, ಟ್ರ್ಯಾಕ್ಟರುಗಳಲ್ಲಿ ತರುವಾಗ, ಒಂದು ಮನೆಯ ಪಾಲು ಒಬ್ಬ ಹೆಣ್ಣುಮಗಳ ಒಂದು ಹೊತ್ತಿನ ಕೆಲಸ. ಒಟ್ಟಾದಾಗ ಅದು ಲಕ್ಷಗಳ ಲೆಕ್ಕ. 2019ರಲ್ಲಿ ಆ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹಿರೇಹಳ್ಳದ ಹೂಳು, ಜಾಲಿ, ಕಸಗಳನ್ನು ತೆಗೆಯಲು ತಾವೇ ಹಳ್ಳಕ್ಕೆ ಇಳಿದಾಗ, ಇಪ್ಪತ್ತು ಕಿಲೋಮೀಟರಿಗೂ ಉದ್ದವಾದ ಆ ಕೆಲಸದಲ್ಲಿ ದಂಡೆಯ ಊರುಗಳ ಜನ ತಮ್ಮ ತಮ್ಮ ಊರ ಮುಂದಿನ ಹಳ್ಳವನ್ನು ಶುಚಿ ಮಾಡಿದರು. ಸಣ್ಣದಾದ, ಗಡಿ ಗೊತ್ತಿರುವ, ನೆರೆಯವರಿಗೆ ಕಾಣುವ ಪಾಲು ಮನುಷ್ಯನನ್ನು ಬಹಳ ದೂರ ನಡೆಸುತ್ತದೆ. ಆದರೆ ಹೂಳು ಪ್ರತಿ ಮಳೆಗೂ ಮರಳಿ ಬರುವ ವಸ್ತು. ಹಳ್ಳವನ್ನು ಒಮ್ಮೆ ತೆರೆಯುವುದಕ್ಕೆ ಒಬ್ಬ ಪೂಜ್ಯರ ಕರೆ ಸಾಕಾಯಿತು. ವರ್ಷವರ್ಷವೂ ತೆರೆದಿಡುವುದಕ್ಕೆ ಪಂಚಾಯಿತಿಯ ಬಜೆಟ್ಟು, ದಿನ ಗೊತ್ತುಮಾಡಿದ ಶ್ರಮದಾನ, ಹೊಣೆ ಹೊತ್ತ ಸಮಿತಿ ಬೇಕು.

ವ್ಯಕ್ತಿಯ ಓದಿಗೂ ದುಡಿಮೆಗೂ ಇಂಥದೇ ಏರ್ಪಾಟನ್ನು ಹಳ್ಳಿಗಳಲ್ಲಿ ಮಾಡಲು ಸಾಧ್ಯವಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಕೆಲಸ ಮಾಡುತ್ತಿವೆ. ಅವುಗಳ ಬಾಗಿಲು ರಾತ್ರಿ ಹತ್ತರವರೆಗೆ ತೆರೆದಿದ್ದು, ಒಂದು ದೀಪ, ನಾಲ್ಕು ಮೇಜು, ಕುಡಿಯುವ ನೀರು, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದುಹೋಗುವ ವ್ಯವಸ್ಥೆ ಇದ್ದರೆ, ಪಟ್ಟಣದ ರೂಮಿನ ಬಾಡಿಗೆ ಕಟ್ಟಲಾರದ ಹತ್ತು ಜನ ಒಂದೇ ಸೂರಿನಡಿ ಕೂಡಿ ಓದಬಲ್ಲರು. ಯಾರು ಎಂದು ಬಂದರು, ಎಂದು ಬರಲಿಲ್ಲ ಎಂಬುದನ್ನು ಗಮನಿಸಿ, ಬಾರದವರ ಮನೆಗೆ ಮರುದಿನ ಹೋಗಿ ಕೇಳುವ ಒಬ್ಬ ಗ್ರಂಥಪಾಲಕರಿಗೆ ಅದಕ್ಕೆ ತಕ್ಕ ಸಂಬಳವನ್ನು ಪಂಚಾಯಿತಿ ಕೊಡಬೇಕಾಗುತ್ತದೆ. ಇಂಥ ಉಪನ್ಯಾಸಗಳನ್ನು ನಡೆಸುವ ದತ್ತಿಗಳ ಹಣದಲ್ಲಿ ಒಂದು ಪಾಲನ್ನಾದರೂ ಉಪನ್ಯಾಸಗಳಿಂದ ತೆಗೆದು ಈ ದೀಪ, ಮೇಜುಗಳಿಗೆ ಕೊಡುವ ವಿಚಾರವನ್ನು ದತ್ತಿದಾನಿಗಳ ಮುಂದೆ ಇಡುವುದು ಅನುಚಿತವಾಗಲಾರದು.